ಈಜಮ್ಮ ವಿಮೆ ಕೊಂಡ ವರ್ಷ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಸಂಬಳಕ್ಕೆ ಸಹಿ ಹಾಕುವ ದಿನ ಬಿಟ್ಟರೆ ಅದು ಯಾರಿಗೂ ಬೇಕಾಗುತ್ತಿರಲಿಲ್ಲ. ಊರಿನ ಸಾರ್ವಜನಿಕ ಈಜುಕೊಳದಲ್ಲಿ ಈಜು ಕಲಿಸುವ ಹೆಂಗಸು. ಯಾವುದೋ ಮಗು ಒಂದು ಸಲ ಬಾಯಿತಪ್ಪಿ ‘ಈಜಮ್ಮ’ ಅಂದಿತು, ಅದೇ ನಿಂತಿತು. ಅಗಲ ಭುಜ, ಎಷ್ಟು ತಿಕ್ಕಿದರೂ ಕ್ಲೋರಿನ್ ವಾಸನೆ ಬಿಡದ ಕೂದಲು, ಕೊಳದ ಆಚೆ ದಡದವರೆಗೂ ಮುಟ್ಟುವ ಗಂಟಲು. ಮನೆಯಲ್ಲಿ ಅವಳು ಉಪ್ಪಿನ ಡಬ್ಬಿ ಕೇಳಿದರೆ ಕೆಳಗಿನ ಮನೆಯವರು ತಮ್ಮ ಡಬ್ಬಿ ಹುಡುಕುತ್ತಿದ್ದರಂತೆ.

ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವನು, ಒಂದು ಮುದ್ರಣಾಲಯದಲ್ಲಿ ಬೈಂಡರ್. ಮಾತು ಕಡಿಮೆ, ನೀರೆಂದರೆ ಭಯ. ಬಕೆಟ್ಟಿಗೆ ಕೈ ಹಾಕುವಾಗಲೂ ಅಪ್ಪಣೆ ಕೇಳುವವನ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದ. ಇವರಿಬ್ಬರಿಗೂ ಪರಿಚಯವಾದದ್ದೇ ನೀರಿನಲ್ಲಿ. ಈಜುಕೊಳದ ಟಿಕೇಟು ಪುಸ್ತಕಗಳ ಕಟ್ಟು ಹೊತ್ತುಕೊಂಡು ಬಂದವನು ಒದ್ದೆ ನೆಲದಲ್ಲಿ ಜಾರಿ, ಮಕ್ಕಳಿಗಾಗಿ ಇದ್ದ ಕಡೆಗೆ ಬಿದ್ದ. ಕಾಲೂರಿ ನಿಂತಿದ್ದರೆ ಸೊಂಟದವರೆಗೂ ನೀರಿರಲಿಲ್ಲ. ಆದರೆ ನಿಲ್ಲಬೇಕೆಂದು ತೋಚಬೇಕಲ್ಲ? ಅವಳು ಕೊರಳಪಟ್ಟಿ ಹಿಡಿದು ಎತ್ತಿದಳು. “ಅವತ್ತು ಹಿಡಿದವಳು ಇನ್ನೂ ಬಿಟ್ಟಿಲ್ಲ” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅತ್ತೆ ಅವರ ಜೊತೆಗೇ ಇದ್ದಳು. ಮಾವ ಇದ್ದಾಗ ಚಪ್ಪಲಿ ಅಂಗಡಿ ನಡೆಸಿದವರಾದ್ದರಿಂದ ಆಕೆಗೆ ಲೋಕದ ಬೆಲೆಯೆಲ್ಲ ಜೋಡಿಗಳ ಲೆಕ್ಕದಲ್ಲೇ ತಿಳಿಯುತ್ತಿತ್ತು. ಹೊಸ ಫ್ರಿಜ್ ತಂದಾಗ “ಅಯ್ಯೋ, ಮೂವತ್ತು ಜೊತೆ ಬೂಟು!” ಎಂದು ಎದೆ ಹಿಡಿದುಕೊಂಡವಳು.

ಮೂವರೂ ಇದ್ದದ್ದು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಕಡೆ ಚಿಕ್ಕ ಬಾಲ್ಕನಿ. ಅಲ್ಲಿ ಸದಾ ಈಜುಡುಗೆ ಒಣಗುತ್ತಿತ್ತು. ಎದುರು ಕಟ್ಟಡದಲ್ಲಿ ಕಿಟಕಿ ಪರದೆ ಹೊಲಿಯುವವನೊಬ್ಬ ಹೆಂಡತಿ, ಮಗಳ ಜೊತೆ ಬಾಡಿಗೆಗೆ ಇದ್ದ. ಈಚೆ ಬಾಲ್ಕನಿಯಿಂದ ಆಚೆ ಕಿಟಕಿಗೆ ದಿನಾ ಮಾತುಕತೆ.

ಹೀಗಿರುವಾಗ ಒಂದು ದಿನ ಓನರ್ ಮೆಟ್ಟಿಲು ಹತ್ತಿ ಬಂದ. ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ; ಕೆಟ್ಟವನಲ್ಲ, ಅವಸರದವನು.

“ಹೊಸ ಕರಾರಿನಲ್ಲಿ ಒಂದು ಮಾತು ಸೇರಿಸಿದೀನಮ್ಮ. ಬಾಡಿಗೆಗೆ ಇರೋರೆಲ್ಲ ವಿಮೆ ಮಾಡಿಸಬೇಕು. ನಮ್ಮ ಕಡೆ ಹುಡುಗ ಬರ್ತಾನೆ. ಅವನ ಹತ್ರ ಮಾಡಿಸಿಬಿಡಿ, ತಲೆನೋವಿಲ್ಲ.”

“ಮನೆ ನಿಮ್ದು, ವಿಮೆ ನಮ್ದಾ?” ಎಂದಳು ಈಜಮ್ಮ.

“ಗೋಡೆ ನಂದು. ಗೋಡೆ ಒಳಗಿರೋದು ನಿಮ್ದಲ್ವಾ?” ಎಂದು ಅವನು ಇಳಿದುಹೋದ.

ಆ ಮಾರನೆಯ ದಿನವೇ ಸೆಂಟು ಹಾಕಿಕೊಂಡ ವಿಮೆಯವನು ಬಂದ. ಟೈ ಕಟ್ಟಿದ್ದ, ಮೂರು ಮಹಡಿ ಹತ್ತಿ ಬೆವೆತಿದ್ದ. ನೀರು ಕುಡಿದು, ಬೆಂಕಿ, ಕಳ್ಳತನ, ಮೇಲಿನ ಮನೆಯ ಪೈಪು ಒಡೆಯುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೊನೆಗೆ ವರ್ಷದ ಕಂತು ಎಷ್ಟೆಂದು ಹೇಳಿದಾಗ ಅತ್ತೆ ಮೂಲೆಯಿಂದಲೇ ಲೆಕ್ಕ ಹಾಕಿದಳು.

“ಆರು ಜೊತೆ. ಒಳ್ಳೆ ಚರ್ಮದ್ದು.”

“ಬೆಂಕಿ ಬಿದ್ದಮೇಲೆ ಬಾವಿ ತೋಡಕ್ಕಾಗುತ್ತಾ ಅಜ್ಜಿ?” ಎಂದ ಅವನು ನಗುತ್ತ.

“ಬಾವಿ ಬೇಕಪ್ಪ, ಬೇಡ ಅಂದೋರು ಯಾರು? ಆಳ ಎಷ್ಟು, ನೀರಿದೆಯಾ ಅಂತ ಬಗ್ಗಿ ನೋಡದೇ ದುಡ್ಡು ಕೊಡೋದಾ?”

ಈಜಮ್ಮನ ಮನಸ್ಸಿಗೆ ನಾಟಿದ್ದು ಆ ಮಾತೇ. ಬಗ್ಗಿ ನೋಡುವುದು ಹೇಗೆ? ತರಕಾರಿಯಾದರೆ ಮುರಿದು ನೋಡಬಹುದು, ಬಟ್ಟೆಯಾದರೆ ಬೆಳಕಿಗೆ ಹಿಡಿಯಬಹುದು. ಇನ್ನೂ ಆಗದ, ಬಹುಶಃ ಎಂದೂ ಆಗದ ಅನಾಹುತಕ್ಕೆ ಸರಿಯಾದ ಬೆಲೆ ಯಾವುದು ಎಂದು ಯಾರನ್ನು ಕೇಳುವುದು? ಆರು ಜೊತೆ ಹೆಚ್ಚೋ ಕಡಿಮೆಯೋ, ತಳಬುಡ ತಿಳಿಯಲಿಲ್ಲ. ಗಂಡನನ್ನು ಕೇಳಿದರೆ “ಕೊಟ್ಟುಬಿಡೋಣ, ಜಗಳ ಯಾಕೆ” ಎಂದ. ಅವನದು ಯಾವತ್ತೂ ಅದೇ ರಾಗ.

ಕೇಳಬೇಕಾದವನು ದಿನಾ ಬೆಳಿಗ್ಗೆ ಅವಳ ಕಣ್ಣೆದುರೇ ಸೊಂಟದುದ್ದ ನೀರಿನಲ್ಲಿ ನಿಂತಿರುತ್ತಿದ್ದ.

ದೊಡ್ಡವರ ತರಗತಿಗೆ ಆ ವರ್ಷ ಸೇರಿದವರಲ್ಲಿ ಐವತ್ತು ದಾಟಿದ ಒಬ್ಬ ಸಣಕಲ ಮನುಷ್ಯನಿದ್ದ. ಉಳಿದವರು ಕೈಕಾಲು ಬಡಿಯುತ್ತಿದ್ದರೆ ಇವನು ಕಂಬಿ ಹಿಡಿದು ನೆಟ್ಟಗೆ ನಿಂತುಬಿಡುತ್ತಿದ್ದ. ಹುಡುಗರು ‘ಕಂಬ’ ಎಂದು ಹೆಸರಿಟ್ಟರು, ಅವನಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಈಜಮ್ಮ ಒಂದು ದಿನ ಹತ್ತಿರ ಹೋಗಿ, “ಮುಖ ನೀರಲ್ಲಿ ಮುಳುಗಿಸಿ ಸಾರ್, ಬೆಕ್ಕು ಕೂಡ ನಿಮಗಿಂತ ವಾಸಿ” ಎಂದಾಗ ಅವನು ಕೇಳಿದ:

“ಈ ಕೊಳದಲ್ಲಿ ಎಷ್ಟು ಜನ ಸತ್ತಿದಾರೆ?”

“ನಾನಿರೋವಾಗ ಒಬ್ಬರೂ ಇಲ್ಲ.”

“ಮುಳುಗೋದು?”

“ಬೇಸಿಗೆಗೊಂದು ಎರಡೋ ಮೂರೋ. ಪ್ರತಿ ಬೇಸಿಗೆ. ತಪ್ಪಿದ್ದೇ ಇಲ್ಲ. ಎತ್ತಿ ಹಾಕ್ತೀನಿ.”

“ಯಾರು ಮುಳುಗ್ತಾರೆ ಅಂತ ಮೊದಲೇ ಗೊತ್ತಾಗುತ್ತಾ?”

ಈಜಮ್ಮ ನಕ್ಕಳು. “ಅದು ಗೊತ್ತಿದ್ರೆ ಅವರನ್ನೇ ನೋಡ್ತಾ ಕೂರ್ತಿದ್ದೆ. ಗೊತ್ತಾಗಲ್ಲ ಅಂತಾನೇ ಎಲ್ಲರನ್ನೂ ನೋಡೋದು.”

ಕಂಬ ಕಂಬಿ ಬಿಟ್ಟುಬಿಟ್ಟ. ಬಿಟ್ಟಿದ್ದು ಅವನಿಗೇ ಅರಿವಿಲ್ಲ. “ನೋಡಿ, ನನ್ನ ಕೆಲಸಾನೂ ಅದೇ” ಎಂದ. “ಎಷ್ಟು ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ವಿಮೆ ಕಂಪನಿಯಲ್ಲಿ ಕಂತಿನ ಬೆಲೆ ಕಟ್ಟೋನು ನಾನು.”

ಅವಳು ದಡಕ್ಕೆ ಕೈಯೂರಿ ಹಾಗೇ ನೀರಿಗೆ ಇಳಿದು ಅವನೆದುರು ನಿಂತಳು. ಬಾಯಾರಿದವನಿಗೆ ಕೆರೆಯೇ ಮನೆಗೆ ಬಂದ ಹಾಗಾಯಿತು. ಓನರ್, ಸೆಂಟಿನ ಹುಡುಗ, ಆರು ಜೊತೆ ಬೂಟು, ಎಲ್ಲ ಹೇಳಿದಳು. ಅವಳ ಪಿಸುಮಾತು ಇಡೀ ಕೊಳಕ್ಕೆ ಕೇಳಿಸಿತು.

“ಇಬ್ಬರೂ ಒಪ್ಪಂದ ಮಾಡ್ಕೊಳ್ಳೋಣ” ಎಂದ ಕಂಬ. “ನೀವು ನನ್ನನ್ನ ತೇಲಿಸಿ. ನಾನು ನಿಮಗೆ ಬೆಲೆ ನೋಡೋದು ಹೇಳ್ಕೊಡ್ತೀನಿ. ಒಂದು ಮಾತು, ನನ್ನ ಕಂಪನಿಗೇ ಬನ್ನಿ ಅಂತ ಹೇಳಲ್ಲ. ಮೊದಲು ಮನೆಗೆ ಹೋಗಿ, ಕಣ್ಣು ಮುಚ್ಚಿ ಯೋಚನೆ ಮಾಡಿ. ಕೆಲಸ ಮುಗಿಸಿ ಹೋಗ್ತೀರಿ, ಮನೆ ಇಲ್ಲ. ಮೈಮೇಲಿದ್ದ ಬಟ್ಟೆ ಅಷ್ಟೇ. ಏನೇನು ಮತ್ತೆ ಕೊಂಡ್ಕೋಬೇಕು?”

“ನಾನಾದ್ರೆ ಟವೆಲ್ ಸುತ್ಕೊಂಡು ನಿಂತಿರ್ತೀನಿ ಸಾರ್.”

“ಹಾಗಾದ್ರೆ ಬಟ್ಟೆಯಿಂದಾನೇ ಶುರು ಮಾಡಿ.”

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಯನ್ನು ನೋಡುವ ಕೆಲಸ ಶುರುವಾಯಿತು. ಕಂಬ ಹೇಳಿದಂತೆ ಗಂಡ ಫೋನಿನಲ್ಲಿ ವಿಡಿಯೋ ಹಿಡಿದ, ಈಜಮ್ಮ ಬಾಗಿಲು, ಡ್ರಾಯರು ತೆರೆದಳು, ಅತ್ತೆ ಬೆಲೆ ಕೂಗಿದಳು. ‘ನಮ್ಮ ಮನೇಲಿ ಏನಿದೆ ಮಣ್ಣು, ಅರ್ಧ ಗಂಟೆ ಕೆಲಸ’ ಎಂದುಕೊಂಡಿದ್ದರು. ಅಡುಗೆಮನೆಯ ಕೆಳಗಿನ ಕಪಾಟಿನಲ್ಲೇ ಹೊತ್ತು ಕಳೆಯಿತು. ಒಂದರೊಳಗೊಂದು ಕೂತ ಪಾತ್ರೆಗಳು, ಮುಚ್ಚಳ ಕಳೆದುಕೊಂಡ ಡಬ್ಬಿಗಳು, ಡಬ್ಬಿ ಕಳೆದುಕೊಂಡ ಮುಚ್ಚಳಗಳು. ಚಮಚಗಳಿಗೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ? ಆದರೆ ನಾಳೆ ಬೆಳಿಗ್ಗೆ ಒಂದೂ ಇಲ್ಲದಿದ್ದರೆ ಚಹಾ ಕದಡುವುದು ಬೆರಳಿನಿಂದಲೇ? ಹಾಸಿಗೆ, ದಿಂಬು, ಕಂಬಳಿ. ಚಳಿಗಾಲದ ಮೂರು ಕೋಟು. ಇಸ್ತ್ರಿ ಪೆಟ್ಟಿಗೆ, ಗಾಜಿನ ಲೋಟ, ಕತ್ತರಿ, ಬಲ್ಬು. ಅತ್ತೆಯ ಕನ್ನಡಕ, ಅದರ ಹಿಂದಿನ ಕನ್ನಡಕ, ಅದರ ಹಿಂದಿನದು. ಗಂಡ ರಜೆಯಲ್ಲಿ ಕೂತು ರಟ್ಟು ಕಟ್ಟಿದ ಪುಸ್ತಕಗಳು, ಮುದ್ರಣದಲ್ಲಿ ಕೆಟ್ಟು ಯಾರಿಗೂ ಬೇಡವಾದವು, ಗೋಡೆಯುದ್ದಕ್ಕೂ ಒಳ್ಳೆಯ ಚರ್ಮದ ಅಂಗಿ ತೊಟ್ಟು ನಿಂತಿದ್ದವು.

ಅತ್ತೆ ಒಂದೊಂದನ್ನೂ ಮುಟ್ಟಿ ಅದರ ಹುಟ್ಟು ಹೇಳುತ್ತಿದ್ದಳು. ಈ ಕುರ್ಚಿ ಮಾವ ಅಂಗಡಿಯಲ್ಲಿ ಗಿರಾಕಿ ಕೂರಿಸಿ ಕಾಲಿಗೆ ಬೂಟು ತೊಡಿಸುತ್ತಿದ್ದದ್ದು. ಈ ಬಟ್ಟಲು ಸಂತೆಯಲ್ಲಿ ಜೋಡಿಯಾಗಿ ಕೊಂಡದ್ದು, ಇನ್ನೊಂದನ್ನು ನಿನ್ನ ಗಂಡ ಆರು ವರ್ಷದವನಿದ್ದಾಗ ಒಡೆದ. “ಇದಕ್ಕೆ ಬೆಲೆ ಹಾಕ್ಬೇಡಿ, ಇದು ಮತ್ತೆ ಸಿಗಲ್ಲ” ಎಂದು ಕೆಲವನ್ನು ಪಕ್ಕಕ್ಕೆ ಸರಿಸಿದಳು. ಹಾಗೆ ಸರಿಸಿದ ರಾಶಿ ಚಿಕ್ಕದಾಗಿತ್ತು, ಹೆಚ್ಚಿನವು ಹರಿದವು, ಬಿರುಕು ಬಿಟ್ಟವು.

ಸಂಜೆಯ ಹೊತ್ತಿಗೆ ಮೂವರೂ ನೆಲದ ಮೇಲೆ ಕಾಲು ಚಾಚಿ ಕೂತರು. ಎಲ್ಲ ಕೂಡಿಸಿದ ಮೊತ್ತ ಗಂಡನ ಎರಡು ವರ್ಷದ ಸಂಬಳವನ್ನೂ ಮೀರಿತ್ತು. ಈಜಮ್ಮ ಕೋಣೆಯ ಸುತ್ತ ಕಣ್ಣಾಡಿಸಿದಳು. ದಿನಾ ಎಡವುತ್ತಿದ್ದ ಸ್ಟೂಲು, ದಿನಾ ಬೈಯುತ್ತಿದ್ದ ಬಾಗಿಲಿಲ್ಲದ ಬೀರು. ಯಾವುದೂ ಒಂದೇ ದಿನ ಬಂದದ್ದಲ್ಲ. ಒಂದು ಬೋನಸ್ಸಿಗೆ ಒಂದು, ಒಂದು ಉಳಿತಾಯಕ್ಕೆ ಒಂದು, ಇಬ್ಬರ ಬೆವರೂ ಅತ್ತೆಯ ಹಟವೂ ಸೇರಿ ಹನಿಹನಿಯಾಗಿ ಕೂಡಿ ನಿಂತಿತ್ತು. ತಾನು ಇಷ್ಟನ್ನು ಕಟ್ಟಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎದ್ದು ಆ ಸ್ಟೂಲನ್ನು ಯಾರೂ ಎಡವದಂತೆ ಗೋಡೆಗೆ ಸರಿಸಿಟ್ಟಳು.

“ನಾವು ಬಡವರು ಅಂದ್ಕೊಂಡಿದ್ದೆ” ಎಂದ ಗಂಡ.

“ಬಡವರೇ ಕಣೋ” ಎಂದಳು ಅತ್ತೆ. “ಬಡವರಿಗೂ ದಿಂಬು ಬೇಕು.”

ಕಂಬ ಹೇಳಿದ್ದಂತೆ ಅವಳು ಇನ್ನೆರಡು ಕಂಪನಿಗಳಿಂದ ಬೆಲೆ ತರಿಸಿದಳು. ಒಂದು ಒಂದೂವರೆ ಜೊತೆ, ಇನ್ನೊಂದು ಎರಡೂವರೆ ಜೊತೆ, ಸೆಂಟಿನ ಹುಡುಗನದು ಆರು. ಅತ್ತೆ ಒಂದೂವರೆಯದನ್ನು ಎತ್ತಿ ಹಿಡಿದಳು. “ಇಷ್ಟು ಅಗ್ಗಕ್ಕೆ ಸಿಗೋವಾಗ ಯೋಚನೆ ಏನು?” ಈಜಮ್ಮ ಮೂರನ್ನೂ ಚೀಲಕ್ಕೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಕಂಬನ ಆಫೀಸಿಗೆ ಹೋದಳು.

ಆಫೀಸು ಎತ್ತರದ ಕಟ್ಟಡದಲ್ಲಿತ್ತು. ಲಿಫ್ಟು ಏರುವಾಗ ಅವಳಿಗೆ ಕಿವಿ ಗುಂಯ್‌ಗುಟ್ಟಿತು. ಅಲ್ಲಿ ಕಂಬ ಬೇರೆಯೇ ಮನುಷ್ಯ. ಒಣಗಿದ್ದ, ಕನ್ನಡಕ ಹಾಕಿದ್ದ, ಭುಜ ಇಳಿಬಿಟ್ಟು ಆರಾಮಾಗಿ ಕೂತಿದ್ದ. ಕಾಗದ ನೋಡಿ ಒಂದೂವರೆಯದನ್ನು ಮೊದಲು ತೆಗೆದಿಟ್ಟ.

“ನಿಮ್ಮ ಹಾಸಿಗೆ ಎಷ್ಟು ಹಳೇದು?”

“ಹತ್ತು ವರ್ಷ ಆಗಿರ್ಬೇಕು.”

“ಇವರು ಹಳೇ ಹಾಸಿಗೆಯ ಇವತ್ತಿನ ಬೆಲೆ ಕೊಡ್ತಾರೆ. ಅದರಲ್ಲಿ ದಿಂಬಿನ ಚೀಲ ಬರಬಹುದು. ಹಾಸಿಗೆ ಬರಲ್ಲ. ಎರಡೂವರೆಯವರು ಹೊಸದರ ಬೆಲೆ ಕೊಡ್ತಾರೆ. ಅದಕ್ಕೇ ಅವರ ಕಂತು ಜಾಸ್ತಿ. ಅದು ಮೋಸ ಅಲ್ಲ, ಅದು ಬೇರೆ ಸರಕು.” ಆಮೇಲೆ ಆರರದನ್ನು ತಿರುವಿ, ಒಂದು ಪುಟದಲ್ಲಿ ಬೆರಳಿಟ್ಟು, “ಅರೆ” ಎಂದ. “ಇದರಲ್ಲಿ ಗೋಡೆ, ಛಾವಣಿ, ಮೆಟ್ಟಿಲು ಎಲ್ಲ ಇದೆ. ಅದು ನಿಮ್ಮ ಓನರ್ ಕಟ್ಟಬೇಕಾದ ವಿಮೆ. ನಿಮ್ಮ ಕೈಲಿ ಕಟ್ಟಿಸ್ತಿದಾರೆ.”

ಈಜಮ್ಮನ ಗಂಟಲು ಏರಿತು. ಪಕ್ಕದ ಮೇಜುಗಳಲ್ಲಿ ಕೂತವರು ತಿರುಗಿ ನೋಡಿದರು. “ಹಾಗಾದ್ರೆ ಎರಡೂವರೆಯದು ನ್ಯಾಯದ ಬೆಲೆ ಅಂತ ಹೇಗೆ ಹೇಳೋದು? ಇವರೂ ಗೋರ್ತಾ ಇರಬಹುದಲ್ಲ?”

ಕಂಬ ಎದ್ದ. “ಇಲ್ಲಿ ಬನ್ನಿ” ಎಂದು ಕಿಟಕಿಯ ಬಳಿ ಕರೆದ.

ಹೊತ್ತು ಮುಳುಗುತ್ತಿತ್ತು. ಕೆಳಗೆ ಊರು ಪೂರ್ತಿ ಬಿದ್ದಿತ್ತು. ಅವಳು ಅಷ್ಟು ಎತ್ತರದಿಂದ ಊರನ್ನು ಎಂದೂ ನೋಡಿರಲಿಲ್ಲ. ತನ್ನ ಈಜುಕೊಳ ಒಂದು ನೀಲಿ ಅಂಚೆಚೀಟಿಯಷ್ಟಿತ್ತು. ಅದರ ಸುತ್ತ ಛಾವಣಿಗಳು, ಮಹಡಿಗಳು, ಕಿಟಕಿಗಳು, ಕಣ್ಣು ಸೋಲುವವರೆಗೂ ಕಿಟಕಿಗಳು. ಒಂದೊಂದಾಗಿ ದೀಪ ಹತ್ತಿಕೊಳ್ಳುತ್ತಿದ್ದವು.

“ಇದರಲ್ಲಿ ಬಾಡಿಗೆ ಮನೆಗಳೇ ಹೆಚ್ಚು” ಎಂದ ಕಂಬ. ಅವನ ದನಿ ತಗ್ಗಿತ್ತು. “ಬರೋ ವರ್ಷ ಇದರಲ್ಲಿ ಕೆಲವು ಮನೆಗೆ ಬೆಂಕಿ ಬೀಳುತ್ತೆ. ಕೆಲವು ಮನೇಲಿ ಕಳ್ಳತನ ಆಗುತ್ತೆ. ಒಂದಷ್ಟು ಮನೆಗೆ ಮೇಲಿಂದ ನೀರು ಸುರಿಯುತ್ತೆ. ಎಷ್ಟು ಅಂತ ನಾನು ಹೇಳ್ತೀನಿ, ಹೆಚ್ಚುಕಡಿಮೆ ಸರಿಯಾಗೇ ಇರುತ್ತೆ. ಇಷ್ಟು ವರ್ಷ ಈ ಕೆಲಸ ಮಾಡಿದ್ರೂ ನನಗೆ ಅದೇ ಆಶ್ಚರ್ಯ. ಯಾರೂ ಯಾರಿಗೂ ಹೇಳ್ಕೊಟ್ಟಿರಲ್ಲ. ಒಬ್ಬ ಒಲೆ ಆರಿಸೋದು ಮರೀತಾನೆ, ಇನ್ನೊಂದು ಕಡೆ ಇಲಿ ತಂತಿ ಕಡಿಯುತ್ತೆ. ಒಂದಕ್ಕೊಂದು ಸಂಬಂಧ ಇಲ್ಲ. ಆದ್ರೂ ವರ್ಷದ ಕೊನೆಗೆ ಕೂಡಿಸಿದ್ರೆ ಹೋದ ವರ್ಷದಷ್ಟೇ ಬರುತ್ತೆ. ಯಾವ ಕಿಟಕಿ ಅಂತ ಮಾತ್ರ ಕೇಳಬೇಡಿ. ಅದು ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.”

ಈಜಮ್ಮ ಗಾಜಿಗೆ ಹಣೆ ಒತ್ತಿ ನಿಂತಳು. ಇಷ್ಟು ದೀಪಗಳಲ್ಲಿ ಯಾವುದೋ ಕೆಲವು. ಒಳಗೆ ಯಾರೋ ಮಗುವಿಗೆ ಉಣಿಸುತ್ತಿರಬಹುದು, ಯಾರೋ ಕಾಲು ಒತ್ತಿಸಿಕೊಳ್ಳುತ್ತಿರಬಹುದು, ತಾವೇ ಆ ಕೆಲವರೆಂದು ಅವರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕೊಳದ ತುಂಬ ತಲೆಗಳು ತೇಲುತ್ತಿರುವಾಗ ಅವಳಿಗೆ ಬೆನ್ನಹುರಿಯಲ್ಲಿ ಒಂದು ತಣ್ಣಗಿನ ಎಚ್ಚರ ಓಡುತ್ತಿತ್ತು. ಈಗ ಅದೇ ಎಚ್ಚರ, ಇಡೀ ಊರಿನ ಮೇಲೆ.

“ಈ ಎಲ್ಲಾ ಕಿಟಕಿಯವರೂ ಒಂದೊಂದು ಚಿಟಿಕೆ ಹಾಕ್ತಾರೆ” ಎಂದ ಕಂಬ. “ಯಾವ ಕಿಟಕಿ ಕಪ್ಪಾಗುತ್ತೋ ಅದಕ್ಕೆ ಆ ರಾಶಿಯಿಂದ ಎತ್ತಿ ಕೊಡ್ತೀವಿ. ನ್ಯಾಯದ ಬೆಲೆ ಅಂದ್ರೆ ಇಷ್ಟೇ: ರಾಶಿಯಲ್ಲಿ ಎಷ್ಟು ಪಾಲು ಕಪ್ಪಾದ ಕಿಟಕಿಗಳಿಗೆ ವಾಪಸ್ ಹೋಗುತ್ತೆ? ನೂರಕ್ಕೆ ಅರವತ್ತು ಹೋದರೆ ಮರ್ಯಾದಸ್ಥರು. ಮೂವತ್ತು ಹೋದರೆ ಮಧ್ಯದಲ್ಲಿ ಯಾರದೋ ಜೇಬು ಉಬ್ಬಿದೆ.”

“ಉಳಿದ ನಲವತ್ತು?”

“ನನ್ನ ಸಂಬಳ, ಈ ಲಿಫ್ಟು, ಮನೆಮನೆಗೆ ಬರೋ ಹುಡುಗರು, ಬಂಡವಾಳ ಹಾಕಿದೋರ ಲಾಭ. ಮತ್ತೆ ಕೆಟ್ಟ ವರ್ಷಕ್ಕೆ ಅಂತ ಸ್ವಲ್ಪ. ನಲವತ್ತೂ ಬೇಕಾ ಅಂತ ಕೇಳಿದ್ರೆ...” ಕಂಬ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. “ಕೆಲವು ವರ್ಷ ನಾನೂ ಕೇಳಿದೀನಿ. ಉತ್ತರ ಇಷ್ಟ ಆಗಿಲ್ಲ.”

ಪ್ರತಿ ಕಂಪನಿಯೂ ಆ ಅಂಕಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕಂತೆ, ಓದುವವರಿಲ್ಲ ಅಷ್ಟೇ. ಅವನು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದ. ಎರಡೂವರೆ ಜೊತೆಯವರದು ಅರವತ್ತರ ಹತ್ತಿರ ಇತ್ತು. ಆರು ಜೊತೆಯವರದು ಇಪ್ಪತ್ತೆಂಟು. ಕೊನೆಗೆ ಅವನೊಂದು ಉಪಾಯವನ್ನೂ ಹೇಳಿದ. ಸಣ್ಣ ನಷ್ಟವನ್ನು ನಾವೇ ಹೊರುತ್ತೇವೆ, ಲೋಟ ಒಡೆದರೆ ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಒಪ್ಪಿಕೊಂಡರೆ ಕಂತು ಇನ್ನೂ ಇಳಿಯುತ್ತದೆ. “ಎದ್ದು ನಿಲ್ಲಕ್ಕಾಗೋ ಏಟಿಗೆ ವಿಮೆ ಬೇಡ. ಬಿದ್ದರೆ ಏಳಕ್ಕಾಗದ ಏಟಿಗೆ ಮಾತ್ರ ಇರಲಿ.”

ಅವಳು ಮನೆಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಕತ್ತೆತ್ತಿ ಕಿಟಕಿಗಳನ್ನೇ ನೋಡುತ್ತ ನಡೆದು ಒಂದು ದೀಪದ ಕಂಬಕ್ಕೆ ಡಿಕ್ಕಿಯನ್ನೂ ಹೊಡೆದಳು.

ಓನರನ ಅಂಗಡಿಯಲ್ಲಿ ನಡೆದದ್ದು ಹೆಚ್ಚು ಹೊತ್ತೇನಲ್ಲ. ಸೆಂಟಿನ ಹುಡುಗನನ್ನೂ ಅಲ್ಲಿಗೇ ಕರೆಸಿದ್ದರು. ಈಜಮ್ಮ ಪುಟ ತೆರೆದು, “ಇದು ಛಾವಣಿ ವಿಮೆ. ಛಾವಣಿ ಯಾರದು?” ಎಂದು ಕೇಳಿದಳು. ಗಿರಾಕಿಗಳು ಮೊಳೆ ಎಣಿಸುವುದನ್ನು ನಿಲ್ಲಿಸಿದರು. ಹುಡುಗ ಓನರನ ಮುಖ ನೋಡಿದ, ಓನರ್ ಹುಡುಗನ ಮುಖ ನೋಡಿದ. ಓನರಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂದು ಈಜಮ್ಮನಿಗೆ ಅನಿಸಿತು. ಕಿವಿ ಕೆಂಪಾದದ್ದು ಅವನಿಗೆ, ಹುಡುಗನಿಗಲ್ಲ.

“ಕರಾರಿಗೆ ವಿಮೆ ಇದ್ದರಾಯ್ತಮ್ಮ, ಯಾರದ್ದಾದ್ರೇನು” ಎಂದ ಓನರ್. ಆಮೇಲೆ ಹುಡುಗನ ಕಡೆ ತಿರುಗಿ, “ಉಳಿದ ಮನೆಯೋರ ಹತ್ರ ಕಟ್ಟಿಸ್ಕೊಂಡಿದ್ದನ್ನೂ ವಾಪಸ್ ಮಾಡು. ನನ್ನ ಛಾವಣಿಗೆ ನಾನೇ ಕಟ್ತೀನಿ” ಎಂದ. ಅವಸರದವನು ಎಂದೆನಲ್ಲ, ಒಳ್ಳೆಯ ಕೆಲಸವನ್ನೂ ಅವಸರದಲ್ಲೇ ಮಾಡಿ ಮುಗಿಸಿದ.

ಅವಳು ಕೊಂಡದ್ದು ಎರಡೂವರೆಯದನ್ನು, ಸಣ್ಣ ನಷ್ಟ ತಾನೇ ಹೊರುವ ಕರಾರಿನ ಮೇಲೆ, ಎರಡೇ ಜೊತೆಗೆ. ಆ ತಿಂಗಳಲ್ಲೇ ಕಂಬ ಕಂಬಿ ಬಿಟ್ಟು ಬೆನ್ನ ಮೇಲೆ ತೇಲಿದ. ಕಣ್ಣು ಮುಚ್ಚಿಕೊಂಡು ಆಕಾಶದ ಕಡೆ ಮುಖ ಮಾಡಿ “ಹಿಡಿದಿದೀರಾ?” ಎಂದು ಕೇಳಿದಾಗ ಅವಳು ಕೈ ತೆಗೆದು ಬಹಳ ಹೊತ್ತಾಗಿತ್ತು.

ಇಷ್ಟಕ್ಕೇ ಸುಮ್ಮನಿದ್ದರೆ ಅವಳು ಈಜಮ್ಮ ಹೇಗಾಗುತ್ತಾಳೆ? ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಕಿಟಕಿಗಳ ಕತೆ ಹೇಳಿದಳು. ಮಕ್ಕಳನ್ನು ಬಿಡಲು ಬಂದ ತಾಯಂದಿರಿಗೆ ಅರವತ್ತು ಮೂವತ್ತರ ಲೆಕ್ಕ ಒಪ್ಪಿಸಿದಳು. ಕೆಲವರು ಅವಳನ್ನು ಕಂಡರೆ ಬೀದಿ ದಾಟತೊಡಗಿದರು. ಎದುರು ಕಿಟಕಿಯ ಪರದೆಯವನು ತಿಂಗಳುಗಟ್ಟಲೆ ತಪ್ಪಿಸಿಕೊಂಡು, ಕೊನೆಗೆ “ನಿಮ್ಮ ಕಾಟಕ್ಕೆ ಮಾಡಿಸ್ತೀನಿ ತಾಯಿ, ಬಾಲ್ಕನಿಯಿಂದ ಕೂಗೋದು ನಿಲ್ಲಿಸಿ” ಎಂದು ಅದೇ ಕಂಪನಿಯಲ್ಲಿ ಮಾಡಿಸಿದ.

ಮುಂದಿನ ಬೇಸಿಗೆ ಇನ್ನೂ ಶುರುವಾಗಿರಲಿಲ್ಲ. ಒಂದು ಮಧ್ಯಾಹ್ನ ಈಜಮ್ಮ ಕೆಲಸದಿಂದ ಬರುತ್ತ ಬೀದಿಯ ತಿರುವಿನಲ್ಲೇ ಹೊಗೆಯ ವಾಸನೆ ಹಿಡಿದಳು. ಓಡಿದಳು. ಹೊಗೆ ಬರುತ್ತಿದ್ದದ್ದು ಅವರ ಕಟ್ಟಡದಿಂದಲ್ಲ, ಎದುರಿನದರಿಂದ. ಪರದೆಯವನ ಕಿಟಕಿಯಿಂದ ಹೊಗೆ ಕಪ್ಪು ಬಟ್ಟೆಯ ಥಾನಿನಂತೆ ಬಿಚ್ಚಿಕೊಂಡು ಮೇಲೇರುತ್ತಿತ್ತು. ಹಳೆಯ ತಂತಿಯೊಂದು ಕಿಡಿ ಕಾರಿತ್ತಂತೆ. ಮನೆಯ ತುಂಬ ಪರದೆ ಬಟ್ಟೆ, ಕೇಳಬೇಕೇ? ಹೆಂಡತಿ, ಮಗಳು ಆಗಲೇ ಬೀದಿಗೆ ಬಂದಿದ್ದರು. ಅವನು ಮಾತ್ರ ಮೆಟ್ಟಿಲ ಬುಡದಲ್ಲಿ ನಿಂತು ಮತ್ತೆ ಮೇಲೆ ಹೋಗಲು ಜಗ್ಗುತ್ತಿದ್ದ.

“ನಮ್ಮಪ್ಪನ ಕತ್ತರಿ! ಮೇಜಿನ ಮೇಲೇ ಇದೆ!”

ಈಜಮ್ಮ ಹಿಂದಿನಿಂದ ಅವನ ಕಂಕುಳಿಗೆ ತೋಳು ಹಾಕಿ ಲಾಕ್ ಮಾಡಿದಳು. ನೀರಿನಲ್ಲಿ ಗಾಬರಿಯಾಗಿ ಒದ್ದಾಡುವವರನ್ನು ಹಿಡಿಯುವ ಪಟ್ಟು ಅದು, ಬಿಡಿಸಿಕೊಂಡವರಿಲ್ಲ. “ಕತ್ತರಿ ಹೋಗ್ಲಿ! ಮಗಳು ಇಲ್ಲಿದಾಳೆ ನೋಡು, ಇಲ್ಲಿ ನೋಡು!” ಎಂದು ಕಿವಿಯಲ್ಲೇ ಅಬ್ಬರಿಸಿದಳು. ಅವನು ಒದ್ದ, ಬೈದ, ಆಮೇಲೆ ಅವಳ ತೋಳಿನಲ್ಲೇ ಕುಸಿದು ಅತ್ತ. ಅಗ್ನಿಶಾಮಕದವರು ಬಂದು ಆರಿಸುವ ಹೊತ್ತಿಗೆ ಎರಡು ಕೋಣೆಯಲ್ಲಿ ಉಳಿದದ್ದು ಗೋಡೆ ಮಾತ್ರ. ಕಿಟಕಿ ಕಪ್ಪಗೆ ಬಾಯಿ ತೆರೆದಿತ್ತು.

ಆ ಮನೆಯವರು ಒಂದಷ್ಟು ಕಾಲ ಈಜಮ್ಮನ ಮನೆಯಲ್ಲೇ ಮಲಗಿದರು. ಅತ್ತೆ ಹುಡುಗಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟಳು. ವಿಮೆಯವರು ಬಂದು ಫೋಟೋ ತೆಗೆದುಕೊಂಡು ಹೋದವರು ಬೇಗ ತಿರುಗಿ ಬರಲಿಲ್ಲ. ಬಂದಾಗಲೂ ನೂರೆಂಟು ಪ್ರಶ್ನೆ. ಗಿರಾಕಿಗಳ ಬಟ್ಟೆ ಮನೆಯ ಸಾಮಾನಲ್ಲ, ಅದಕ್ಕೆ ಕೊಡಲಾಗದು ಎಂದರು. ಪರದೆಯವನು ಈಜಮ್ಮನ ಮೇಲೆ ಒಂದು ದಿನ ಹರಿಹಾಯ್ದ: “ನಿಮ್ಮ ಮಾತು ಕೇಳಿ ಕಟ್ಟಿದೆ, ನೋಡಿ ಈಗ!” ಅವಳು ಮಾರನೆಯ ದಿನ ರಜೆ ಹಾಕಿ ಅವನ ಜೊತೆ ಆ ಕಂಪನಿಯ ಆಫೀಸಿಗೆ ಹೋಗಿ ಕೂತಳು, ಅಲ್ಲಿಯ ಗಾಜುಗಳು ಅದುರುವ ಹಾಗೆ ಮಾತಾಡಿದಳು. ಅದರಿಂದಲೋ, ಆಗಬೇಕಾದ ಕಾಲಕ್ಕೆ ಆಯಿತೋ, ದುಡ್ಡು ಬಂತು. ಗಿರಾಕಿಗಳ ಬಟ್ಟೆಗೆ ಬರಲಿಲ್ಲ. ಉಳಿದದ್ದಕ್ಕೆಲ್ಲ ಬಂತು, ಹೊಸದರ ಬೆಲೆಗೆ. ಕತ್ತರಿಗೂ ಬಂತು. ಅದನ್ನು ಅವನು ಖರ್ಚು ಮಾಡದೆ ಬೇರೆಯಾಗಿ ಇಟ್ಟುಕೊಂಡ.

ಎದುರು ಮನೆಗೆ ಸುಣ್ಣ ಹೊಡೆದು ಮುಗಿದ ಮೇಲೆ ಸಾಮಾನು ಬರತೊಡಗಿತು. ಈಜಮ್ಮ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದಳು. ಲಾರಿಯಿಂದ ಪಾತ್ರೆಯ ಪೆಟ್ಟಿಗೆ ಇಳಿಯಿತು, ಹೊಲಿಗೆ ಯಂತ್ರ ಇಳಿಯಿತು, ಚೀಲದೊಳಗೆ ಚಮಚಗಳು ಗಲಗಲ ಅನ್ನುವುದು ಮೂರನೆಯ ಮಹಡಿಗೂ ಕೇಳಿತು. ಪಕ್ಕದಲ್ಲಿ ನಿಂತಿದ್ದ ಗಂಡ ಮೆಲ್ಲಗೆ ಕೇಳಿದ:

“ನಾವು ಕಟ್ಟಿದ್ದು ನಮಗೇನೂ ಬರಲಿಲ್ಲ ಅಲ್ವಾ ಈ ವರ್ಷ?”

“ಬರದೇ ಇರ್ಲಿ” ಎಂದಳು ಅವಳು. ಬೆರಳಿನಿಂದ ಎದುರು ಕಿಟಕಿ ತೋರಿಸಿದಳು. “ಅಲ್ಲಿ ಹೋಗ್ತಿದೆ ನೋಡು.”

ಕೆಳಗೆ ಗದ್ದಲವೆದ್ದಿತು. ದೊಡ್ಡ ಹಾಸಿಗೆಯೊಂದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಇತ್ತಿಂದ ಪರದೆಯವನು ನೂಕುತ್ತಿದ್ದ, ಅತ್ತಿಂದ ಹೆಂಡತಿ ಎಳೆಯುತ್ತಿದ್ದಳು, ಅದು ಜಪ್ಪಯ್ಯ ಅನ್ನಲಿಲ್ಲ. ಈಜಮ್ಮ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬೀದಿ ದಾಟಿದಳು. ಗಂಡನೂ ಹಿಂದೆ ಬಂದ.

ಅವಳು ಹಾಸಿಗೆಯ ಕೆಳಗೆ ನುಗ್ಗಿ ಭುಜ ಕೊಟ್ಟಳು. ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಇದು ಯಾರು ಕೊಟ್ಟದ್ದು? ತನ್ನ ಎರಡು ಜೊತೆಯಲ್ಲಿ ಒಂದು ನೂಲಿನೆಳೆಯಷ್ಟು ಇರಬಹುದು. ಉಳಿದ ಎಳೆಗಳು ಆ ಕಿಟಕಿಗಳವರವು, ಯಾರೆಂದು ಅವಳಿಗೆ ಗೊತ್ತಿಲ್ಲದವರು, ಇವನ ಮನೆ ಸುಟ್ಟಿತೆಂದೂ ಗೊತ್ತಿಲ್ಲದವರು. ಎಲ್ಲೋ ಕೂತು ಉಣ್ಣುತ್ತಿರುವ, ಜಗಳವಾಡುತ್ತಿರುವ ಅಷ್ಟೂ ಜನ ಒಟ್ಟಿಗೆ ಈ ಕತ್ತಲ ಮೆಟ್ಟಿಲಲ್ಲಿ ಭುಜ ಕೊಟ್ಟಂತೆ ಅನಿಸಿ ಅವಳು ತನ್ನ ಭುಜವನ್ನು ಇನ್ನಷ್ಟು ಒತ್ತಿದಳು.

“ಯಾರಿಗೆ ಥ್ಯಾಂಕ್ಸ್ ಹೇಳೋದು ಅಂತಾನೇ ತಿಳೀತಿಲ್ಲ” ಎಂದ ಪರದೆಯವನು ಹಾಸಿಗೆಯ ಆಚೆಯಿಂದ, ಏದುಸಿರಿನಲ್ಲಿ.

“ಆಮೇಲೆ ಹೇಳೋಣ” ಎಂದಳು ಈಜಮ್ಮ. “ಈಗ ನಿಲ್ಲಿಸಿ ತಿರುಗಿಸು. ಎಡಕ್ಕೆ. ಎಡಕ್ಕೆ ಅಂದೆ!”

ಅವಳ ಆ ಕೂಗಿಗೆ ಕಟ್ಟಡದ ಬಾಗಿಲುಗಳೆಲ್ಲ ತೆರೆದವು, ಮೂರು ನಾಲ್ಕು ಜನ ಇಳಿದು ಬಂದು ಕೈ ಹಾಕಿದರು, ಹಾಸಿಗೆ ತಿರುವು ದಾಟಿ ಮೇಲೆ ಹೋಯಿತು.